ಸಹಿ ಮಾಡಿದ್ದೀರಲ್ಲ!



ತೊಂಬತ್ತರ ದಶಕದ ಆರಂಭದಲ್ಲಿ, ಸಾಕ್ಷರತಾ ಆಂದೋಲನದ ದಿನಗಳಲ್ಲಿ, ಸಂಜೆಯ ಹೊತ್ತು ನಮ್ಮ ಶಾಲೆಯ ಜಗಲಿಯಲ್ಲಿ ಲಾಟೀನು ಹಚ್ಚಿಟ್ಟುಕೊಂಡು ಊರಿನ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದುದು ವರ್ಣಮಾಲೆಯಲ್ಲ, ತಮ್ಮ ಹೆಸರು. ಹೆಬ್ಬೆಟ್ಟಿನ ಅವಮಾನದಿಂದ ಒಮ್ಮೆ ಪಾರಾದರೆ ಸಾಕೆಂಬ ಆತುರ. ಬ್ಯಾಂಕಿನಲ್ಲಿ ಮೊದಲ ಸಲ ಸಹಿ ಮಾಡಿ ಬಂದ ಒಬ್ಬಾಕೆ ಮರುದಿನ ನನಗೆ ಬಾಳೆಹಣ್ಣಿನ ಚಿಪ್ಪು ತಂದುಕೊಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಹಿ ಎಂದರೆ ಸ್ವಾತಂತ್ರ್ಯ ಎಂದು ಅಂದು ನಾನು ಮನಸಾರೆ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಾಡಿಸಿದ ಒಂದು ಪ್ರಸಂಗವನ್ನು ಇಂದು ಹೇಳಬೇಕಾಗಿದೆ. ಇದು ನನ್ನ ತಂಗಿಗೆ ಆದದ್ದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

2018ರ ಮಾರ್ಚ್ ತಿಂಗಳಲ್ಲಿ ಅವಳ ಎರಡು ಲಕ್ಷ ರೂಪಾಯಿಯ ಫಿಕ್ಸೆಡ್ ಡೆಪಾಸಿಟ್ ಅವಧಿ ಮುಗಿಯಿತು. ಅವಳು ವಿಧವೆ, ಕುಟುಂಬ ಪಿಂಚಣಿಯಲ್ಲಿ ಬದುಕುವವಳು, ಆಗ ಅರವತ್ತೆರಡು ವರ್ಷ. ಡೆಪಾಸಿಟ್ಟನ್ನು ನವೀಕರಿಸಲು ಬ್ಯಾಂಕಿಗೆ ಹೋದವಳನ್ನು ಒಳಗಿನ ಕೋಣೆಗೆ ಕರೆದು ಕೂರಿಸಿ, ಕಾಫಿ ಕೊಟ್ಟು, "ಅಮ್ಮಾ, ಇದೂ ಡೆಪಾಸಿಟ್ಟಿನ ಹಾಗೆಯೇ, ಬಡ್ಡಿ ಮಾತ್ರ ಹೆಚ್ಚು" ಎಂದು ಹೇಳಿ ಏಳೆಂಟು ಕಡೆ ಸಹಿ ಹಾಕಿಸಿಕೊಂಡರು. "ಫೋನ್ ಬರುತ್ತದೆ, ಏನು ಕೇಳಿದರೂ ಹೌದು ಎನ್ನಿ" ಎಂಬ ಉಪದೇಶವೂ ಆಯಿತು. ಮರುವರ್ಷದ ಮಾರ್ಚ್‌ನಲ್ಲಿ ಮೊಬೈಲಿಗೆ ಸಂದೇಶ ಬಂತು: ಎರಡನೆಯ ಕಂತು ಎರಡು ಲಕ್ಷ ರೂಪಾಯಿ ಕೂಡಲೇ ಪಾವತಿಸಿ! ಅವಳು ಡೆಪಾಸಿಟ್ ಎಂದು ತಿಳಿದು ಕೊಟ್ಟದ್ದು ಐದು ವರ್ಷ ಪ್ರತಿವರ್ಷವೂ ಕಟ್ಟಬೇಕಾದ ಜೀವವಿಮೆಯ ಮೊದಲ ಕಂತಾಗಿತ್ತು.

ಆ ಪಾಲಿಸಿಯ ಕಾಗದಗಳನ್ನು ನಾನು ಕನ್ನಡಕ ಹಾಕಿಕೊಂಡು ಮೂರು ದಿನ ಓದಿದೆ. ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿ, ಸಹಿ ಕನ್ನಡದಲ್ಲಿ. ಉದ್ಯೋಗ ಎಂಬಲ್ಲಿ "ವ್ಯಾಪಾರ", ವಾರ್ಷಿಕ ವರಮಾನ ಎಂಬಲ್ಲಿ ಒಂಬತ್ತು ಲಕ್ಷ ರೂಪಾಯಿ! ಅವಳು ಜೀವಮಾನದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಮಾರಿದವಳಲ್ಲ. ಸಹಿ ಮಾಡುವವರಿಗೆ ಅರ್ಜಿಯ ಭಾಷೆ ತಿಳಿಯದಿದ್ದರೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆಂದು ಒಬ್ಬರು ಪ್ರಮಾಣೀಕರಿಸಬೇಕು. ಆ ಪ್ರಮಾಣದ ಕೆಳಗೆ ಇದ್ದ ಸಹಿ ಪಾಲಿಸಿ ಮಾರಿದ ವ್ಯಕ್ತಿಯದೇ.

ದೂರು ಬರೆದೆವು. ಬಂದ ಉತ್ತರದ ಸಾರಾಂಶ ಒಂದೇ ವಾಕ್ಯ: ತಾವು ಸಹಿ ಮಾಡಿದ್ದೀರಲ್ಲ! ಪಾಲಿಸಿ ಕೈಸೇರಿದ ಹದಿನೈದು ದಿನಗಳಲ್ಲಿ ಆಕ್ಷೇಪಿಸಲಿಲ್ಲವಲ್ಲ!

ಈ ಒಂದು ವಾಕ್ಯದ ಮೇಲೆಯೇ ನನ್ನ ಜಗಳ. ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ಆ ಹೆಂಗಸರು ಒತ್ತುವ ಮುನ್ನ "ಇದರಲ್ಲಿ ಏನು ಬರೆದಿದೆ, ಓದಿ ಹೇಳಿ" ಎಂದು ಕೇಳುತ್ತಿದ್ದರು. ಹೇಳುವ ಹೊಣೆ ಎದುರಿನವನ ಮೇಲಿತ್ತು. ನಾವು ಅವರಿಗೆ ಸಹಿ ಕಲಿಸಿದೆವು. ಕಲಿಸಿದ ಮೇಲೆ ಕೇಳುವುದು ನಾಚಿಕೆಯಾಯಿತು, ಹೇಳುವ ಹೊಣೆಯೂ ಮಾಯವಾಯಿತು. ತಿಳಿಯದ ಭಾಷೆಯ ಮೂವತ್ತು ಪುಟಗಳ ಕೆಳಗೆ, ನಂಬಿದವರ ಮಾತಿನ ಮೇಲೆ ಹಾಕಿದ ಸಹಿ ಸಮ್ಮತಿಯಲ್ಲ, ಅದು ವಿಶ್ವಾಸ. ವಿಶ್ವಾಸವನ್ನು ಸಮ್ಮತಿಯೆಂದು ಲೆಕ್ಕಕ್ಕೆ ಬರೆದುಕೊಳ್ಳುವುದು ವಂಚನೆ.

ಇದು ನಮ್ಮ ದೇಶದ ಬಡತನದ, ಅನಕ್ಷರತೆಯ ಫಲ ಎನ್ನುವವರಿದ್ದಾರೆ. ಅವರು ಬ್ರಿಟನ್ನಿನ ಕಥೆಯನ್ನು ಕೇಳಬೇಕು. ಅಲ್ಲಿನ ಬ್ಯಾಂಕುಗಳು ಸಾಲದ ಜೊತೆಗೆ "ಸಾಲ ಮರುಪಾವತಿ ರಕ್ಷಣಾ ವಿಮೆ" ಎಂಬುದನ್ನು ವರ್ಷಾನುಗಟ್ಟಲೆ ಮಾರಿದವು. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಸಾಲದ ಕಂತನ್ನು ವಿಮೆ ಕಟ್ಟುತ್ತದೆ ಎಂಬುದು ಆಶ್ವಾಸನೆ. ಆದರೆ ಕೆಲಸ ಕಳೆದುಕೊಳ್ಳುವ ಪ್ರಶ್ನೆಯೇ ಇಲ್ಲದ ನಿವೃತ್ತರಿಗೂ, ನಿಯಮದ ಪ್ರಕಾರ ಪರಿಹಾರಕ್ಕೆ ಅರ್ಹರೇ ಅಲ್ಲದ ಸ್ವಂತ ಉದ್ಯೋಗಿಗಳಿಗೂ ಅದನ್ನು ಕಟ್ಟಿದರು. ವಿಮೆ ಕೊಳ್ಳದಿದ್ದರೆ ಸಾಲವಿಲ್ಲ ಎಂಬ ಭಾವನೆಯನ್ನು ಹುಟ್ಟಿಸಿದರು. ಕೆಲವರಿಗೆ ತಮ್ಮ ಹೆಸರಿನಲ್ಲಿ ವಿಮೆಯಿದೆ ಎಂಬುದೇ ತಿಳಿದಿರಲಿಲ್ಲ. ಹೀಗೆ ಮಾರಾಟವಾದ ಪಾಲಿಸಿಗಳು ಆರು ಕೋಟಿಗೂ ಹೆಚ್ಚು. ಅಷ್ಟೂ ಪಾಲಿಸಿಗಳ ಕೆಳಗಿನ ಕಾಗದ ಅವರವರ ಮಾತೃಭಾಷೆಯಲ್ಲೇ ಇತ್ತು!

ಅಲ್ಲಿನ ಒಂದು ಮೊಕದ್ದಮೆ ನನ್ನ ಮನಸ್ಸನ್ನು ಬಹಳ ಕಾಡಿದೆ. 2006ರಲ್ಲಿ 59 ವರ್ಷದ ಒಬ್ಬ ವಿಧವೆ 34,000 ಪೌಂಡ್ ಸಾಲ ತೆಗೆದುಕೊಂಡಳು. ಸಾಲದ ಅವಧಿ ಹತ್ತು ವರ್ಷ. ಜೊತೆಗೆ ಮಾರಿದ ವಿಮೆಯ ಅವಧಿ ಐದೇ ವರ್ಷ. ಅದರ ಪ್ರೀಮಿಯಂ 5,780 ಪೌಂಡ್. ಅದನ್ನೂ ಸಾಲಕ್ಕೇ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದರು. ಆ ಪ್ರೀಮಿಯಮ್ಮಿನಲ್ಲಿ ಶೇಕಡಾ 71.8ರಷ್ಟು ದಲ್ಲಾಳಿಗೂ ಸಾಲ ಕೊಟ್ಟ ಸಂಸ್ಥೆಗೂ ಕಮಿಷನ್ನಾಗಿ ಹೋಗಿತ್ತು. ಅದನ್ನು ಆಕೆಗೆ ಹೇಳದೆ ಮುಚ್ಚಿಟ್ಟದ್ದು ಅನ್ಯಾಯದ ಸಂಬಂಧವೆಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆಕೆಯೂ ಸಹಿ ಮಾಡಿದ್ದವಳೇ. ಸಹಿಯ ಆಚೆಗೂ ನ್ಯಾಯ ನೋಡಿತು.

ಈ ಫಲ ಒಂದೇ ದಿನದಲ್ಲಿ ಬಂದದ್ದಲ್ಲ. 2005ರಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾಸಂಸ್ಥೆ ಎಲ್ಲ ಗ್ರಾಹಕರ ಪರವಾಗಿ ಸರಕಾರಿ ನಿಯಂತ್ರಕರಿಗೆ ದೂರು ಕೊಟ್ಟಿತು. ಒಂದೇ ಬಗೆಯ ದೋಷ ಮತ್ತೆ ಮತ್ತೆ ಕಂಡುಬಂದರೆ ದೂರು ಕೊಡದ ಗ್ರಾಹಕರ ವಿಷಯವನ್ನೂ ಬ್ಯಾಂಕು ಪರಿಶೀಲಿಸಬೇಕೆಂದು ನಿಯಂತ್ರಕರು ವಿಧಿಸಿದಾಗ ಬ್ಯಾಂಕುಗಳ ಸಂಘ ಕೋರ್ಟಿಗೆ ಹೋಯಿತು, 2011ರಲ್ಲಿ ಸೋತಿತು. ಅಲ್ಲಿಂದ ಮುಂದೆ ಹಣ ಹಿಂದಿರುಗತೊಡಗಿತು. ದೂರು ಸಲ್ಲಿಸಲು ಕೊನೆಯ ದಿನವಾದ 2019ರ ಆಗಸ್ಟ್ 29ರ ವರೆಗೆ ಬಂದ ದೂರುಗಳಿಗೆಲ್ಲ ಸೇರಿ ಬ್ಯಾಂಕುಗಳು ತೆತ್ತದ್ದು 38 ಶತಕೋಟಿ ಪೌಂಡ್‌ಗೂ ಹೆಚ್ಚು. ಅದರಲ್ಲೂ ಪಾಲು ಕೇಳುವ ಮಧ್ಯವರ್ತಿ ಕಂಪೆನಿಗಳು ಅಣಬೆಗಳಂತೆ ಹುಟ್ಟಿಕೊಂಡವು. ಉಚಿತವಾಗಿ ಕೊಡಬಹುದಾದ ದೂರಿಗೆ ಅವು ದೊಡ್ಡ ಪಾಲನ್ನೇ ನುಂಗುತ್ತಿದ್ದವು. 2018ರಲ್ಲಿ ಸರಕಾರ ಆ ಪಾಲಿಗೆ ಶೇಕಡಾ 20ರ ಮಿತಿ ಹಾಕಬೇಕಾಯಿತು. ನಿಮ್ಮಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದವರಿಗೆ ಇವೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ಆರು ಕೋಟಿ ಪಾಲಿಸಿ ಎಂದರೆ ಆರು ಕೋಟಿ ದಡ್ಡತನವಲ್ಲ. ತಪ್ಪು ಕೊಂಡವರದಲ್ಲ, ಮಾರುವ ವ್ಯವಸ್ಥೆಯದು ಎಂದು ಒಂದು ದೇಶ ಒಪ್ಪಿಕೊಂಡಿತು. ನಾವು ಒಪ್ಪಿಕೊಂಡಿದ್ದೇವೆಯೇ? 2004-05ರಿಂದ 2011-12ರ ವರೆಗೆ ತಪ್ಪು ಮಾರಾಟದ ಜೀವವಿಮೆಯಿಂದ ಭಾರತದ ಜನ ಕಳೆದುಕೊಂಡದ್ದು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ ಎಂದು ಮೋನಿಕಾ ಹಾಲನ್, ರೇಣುಕಾ ಸಾನೆ ಮತ್ತು ಸುಸಾನ್ ಥಾಮಸ್ ಅಂದಾಜು ಮಾಡಿದ್ದರು. ಅದನ್ನು ಹಿಂದಿರುಗಿಸಿ ಎಂದು ಬ್ಯಾಂಕುಗಳಿಗೂ ವಿಮಾ ಕಂಪೆನಿಗಳಿಗೂ ಬ್ರಿಟನ್ನಿನಂತೆ ಒಟ್ಟಾರೆ ಆಜ್ಞೆ ಇಲ್ಲಿ ಹೊರಡಲಿಲ್ಲ. ಇಲ್ಲಿ ಪ್ರತಿಯೊಬ್ಬ ವಿಧವೆಯೂ, ಪ್ರತಿಯೊಬ್ಬ ಪಿಂಚಣಿದಾರನೂ ಒಂಟಿಯಾಗಿ ಬಾಗಿಲು ತಟ್ಟಬೇಕು.

ನಾವು ತಟ್ಟಿದೆವು. ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆದು, ವಿಚಾರಣೆಗಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಪಿಂಚಣಿ ಪುಸ್ತಕವನ್ನೂ "ವ್ಯಾಪಾರ, ಒಂಬತ್ತು ಲಕ್ಷ" ಎಂದಿದ್ದ ಅರ್ಜಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟೆವು. 2020ರ ಆರಂಭದಲ್ಲಿ ಪಾಲಿಸಿ ರದ್ದಾಗಿ ಎರಡು ಲಕ್ಷ ಮರಳಿತು. ಎರಡು ವರ್ಷದ ಬಡ್ಡಿ ಮಾತ್ರ ಹೋದದ್ದೇ. "ಅಣ್ಣ, ಹಣ ಬಂತು, ಆದರೆ ಇನ್ನು ಆ ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರಿಕೆ" ಎಂದಳು ತಂಗಿ.

ಇನ್ನು ಕಹಿಯಾದ ಮಾತು. ಆ ಶಾಖೆಯ ಮ್ಯಾನೇಜರು ನನ್ನ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ನನ್ನಿಂದ ಗಣಿತ ಕಲಿತವನು. ಕೇಳಿದಾಗ ತಲೆ ತಗ್ಗಿಸಿ, "ಮಾರ್ಚ್ ಟಾರ್ಗೆಟ್ ಇತ್ತು ಸರ್, ಮೇಲಿನಿಂದ ದಿನಕ್ಕೆ ಮೂರು ಬಾರಿ ಫೋನ್" ಎಂದ. ಅವನ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮೇಲಿನವರ ಭಯವನ್ನು ಕೆಳಗಿನವರ ಉಳಿತಾಯದಿಂದ ತೀರಿಸುವುದು ಯಾವ ಗಣಿತ? ನಿಮ್ಮಲ್ಲಿ ಅನೇಕರು ಬ್ಯಾಂಕುಗಳಲ್ಲಿದ್ದೀರಿ. ನಮ್ಮ ಕರಾವಳಿ ಬ್ಯಾಂಕುಗಳ ತವರು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಆ ಎರಡಾಣೆ ಕೊಟ್ಟವರದಾಗಿಯೇ ಉಳಿಯಿತು. ಬ್ಯಾಂಕಿನವರು ಹೇಳಿದರೆ ಸುಳ್ಳಿರದು ಎಂಬ ಭರವಸೆ ಈ ನೆಲದಲ್ಲಿ ಬೆಳೆದದ್ದು ಹಾಗೆ. ಇಂದು ಕಮಿಷನ್ನಿಗಾಗಿ ಮಾರಾಟವಾಗುತ್ತಿರುವುದು ವಿಮೆಯಲ್ಲ, ಅಜ್ಜಂದಿರು ಗಳಿಸಿಟ್ಟ ಆ ಭರವಸೆ.

ವಿಮೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದುಡಿಯುವವನ ಮನೆಗೆ ಜೀವವಿಮೆ ಆಧಾರವೇ ಸರಿ. ಆದರೆ ಪಿಂಚಣಿದಾರಳ ಡೆಪಾಸಿಟ್ಟನ್ನು ವಿಮೆ ಮಾಡುವುದೂ, ಗೃಹಸಾಲದ ಜೊತೆಗೆ ಜೀವವಿಮೆ ಕಡ್ಡಾಯವೆಂದು ಸುಳ್ಳು ಹೇಳುವುದೂ ಆಧಾರವಲ್ಲ, ಅಪಹರಣ.

ಕೊನೆಯದಾಗಿ, ಕೇಳಲು ನಾಚುವವರಿಗೆ ನಾಲ್ಕು ಮಾತು. "ಹೋದದ್ದು ಹೋಯಿತು, ಮರ್ಯಾದೆ ಉಳಿಯಲಿ" ಎನ್ನಬೇಡಿ. ನಿಮ್ಮ ಮೌನವೇ ಅವರ ಲಾಭ. ಪಾಲಿಸಿ ಕೈಸೇರಿದ ದಿನವನ್ನು ಗುರುತಿಟ್ಟುಕೊಳ್ಳಿ. ಹದಿನೈದು ದಿನಗಳಿದ್ದ ಪರಿಶೀಲನಾ ಅವಧಿ 2024ರಿಂದ ಮೂವತ್ತು ದಿನಗಳಾಗಿದೆ, ಅಷ್ಟರೊಳಗೆ ಹಿಂದಿರುಗಿಸಬಹುದು. ಅವಧಿ ಮೀರಿದ್ದರೂ ಎದೆಗುಂದಬೇಡಿ. ಅರ್ಜಿಯ ಪ್ರತಿ ಪಡೆದು ವರಮಾನ, ಉದ್ಯೋಗ, ಸಹಿಗಳನ್ನು ಪರಿಶೀಲಿಸಿ. ಸುಳ್ಳು ಅಲ್ಲಿಯೇ ಇರುತ್ತದೆ. ಮೊದಲು ವಿಮಾ ಕಂಪೆನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಡ, ಪಾಲು ಕೇಳುವ ಮಧ್ಯವರ್ತಿಯಂತೂ ಬೇಡವೇ ಬೇಡ. ಕಾಗದ ಬರೆಯಲು ಬಾರದವರು ನನಗೆ ತಿಳಿಸಿ. ಹಳೆಯ ಮೇಷ್ಟ್ರಿಗೆ ಇನ್ನೂ ಬರವಣಿಗೆ ಬರುತ್ತದೆ.

ಬ್ಯಾಂಕಿನಲ್ಲಿರುವ ನನ್ನ ಮಕ್ಕಳೇ, ನಿಮ್ಮ ಮೇಜಿನ ಮುಂದೆ ಕನ್ನಡದಲ್ಲಿ ಸಹಿ ಮಾಡುವ ಮುದುಕಿಯೊಬ್ಬಳು ಕುಳಿತಾಗ, ಅವಳು ಕೇಳದಿದ್ದರೂ, ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳಿ. ಆ ಸಹಿಯನ್ನು ಅವಳಿಗೆ ಕಲಿಸಿದವನು ನಾನಿರಬಹುದು.