ಹಗಲು ಕರೆಂಟು ಬಂದ ಮೇಲೂ ಆಟೋ ಸ್ಟಾರ್ಟರ್ ಬೇಕೆ?

2025ರ ಜೂನ್ ತಿಂಗಳಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೌರಿಬಿದನೂರು ತಾಲ್ಲೂಕಿನಲ್ಲಿಯೇ ಕುಸುಮ್-ಸಿ ಯೋಜನೆಗೆ ಚಾಲನೆ ನೀಡಿದ್ದು ರೈತ ಬಾಂಧವರ ನೆನಪಿನಲ್ಲಿದೆ. ವಿದ್ಯುತ್ ಉಪಕೇಂದ್ರದ ಹತ್ತಿರ ಸೌರ ಫಲಕಗಳನ್ನು ಹಾಕಿ, ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಪಂಪ್‌ಸೆಟ್ಟುಗಳಿಗೆಂದೇ ಬೇರ್ಪಡಿಸಿದ ಫೀಡರ್‌ಗೆ ಹರಿಸುವುದು ಈ ಯೋಜನೆಯ ತಿರುಳು. ಸೂರ್ಯನಿದ್ದಾಗ ಮಾತ್ರ ಹುಟ್ಟುವ ವಿದ್ಯುತ್ತಾದ್ದರಿಂದ ಪಂಪ್‌ಸೆಟ್ಟಿಗೆ ಕೊಡುವ ಏಳು ಗಂಟೆಯ ತ್ರೀ ಫೇಸ್ ಕರೆಂಟು ಇನ್ನು ಹಗಲಿಗೆ ಬರಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಹೊಲಕ್ಕೆ ಹೋಗುವ ಕಷ್ಟ ತಪ್ಪಬೇಕು. ಒಳ್ಳೆಯ ಮಾತೇ. ಎಷ್ಟು ಫೀಡರ್‌ಗಳಿಗೆ, ಎಂದಿಗೆ ಎಂಬುದರ ಮೇಲೆ ಚರ್ಚೆ ನಡೆದಿದೆ. ಆದರೆ ಪ್ರತಿಯೊಂದು ಬೋರಿನ ಪಕ್ಕದ ತಗಡಿನ ಪೆಟ್ಟಿಗೆಯೊಳಗೆ ಕುಳಿತಿರುವ ಆಟೋ ಸ್ಟಾರ್ಟರ್ ಎಂಬ ಪುಟ್ಟ ಸಾಧನದ ವಿಷಯವನ್ನು ಯಾರೂ ಎತ್ತಿದಂತೆ ಕಾಣುವುದಿಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಗೌರಿಬಿದನೂರು ಅತಿಬಳಕೆಯ ತಾಲ್ಲೂಕು. ಅಂದರೆ ವರ್ಷವರ್ಷ ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಇಲ್ಲಿ ಬೀಳುವ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ಉತ್ತರ ಪಿನಾಕಿನಿ ಊರಿನ ಪಕ್ಕದಲ್ಲಿಯೇ ಹಾದು ಹಿಂದೂಪುರದ ಕಡೆಗೆ ಹೋಗುತ್ತದಾದರೂ ವರ್ಷದ ಬಹುಭಾಗ ಅದು ಮರಳಿನ ನದಿ. ಮೆಕ್ಕೆಜೋಳ, ಹಿಪ್ಪುನೇರಳೆ, ಟೊಮ್ಯಾಟೊ, ಹೂವು ಎಲ್ಲವೂ ಬೋರನ್ನೇ ನಂಬಿವೆ. ಸಾವಿರ ಅಡಿ ದಾಟಿದ ಬೋರು ಈಗ ಆಶ್ಚರ್ಯದ ಸಂಗತಿಯಲ್ಲ. ಇಂಥ ಕಡೆ ಮೋಟಾರು ಎಷ್ಟು ಹೊತ್ತು ಓಡಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಬಹುಪಾಲು ಹೊಲಗಳಲ್ಲಿ ರೈತನಲ್ಲ, ಆಟೋ ಸ್ಟಾರ್ಟರ್ ತೀರ್ಮಾನಿಸುತ್ತದೆ.

ಈ ಸಾಧನ ಸೋಮಾರಿತನದಿಂದ ಬಂದದ್ದೆಂದು ಪಟ್ಟಣದವರು ಆಡುವುದುಂಟು. ಅದು ತಪ್ಪು. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಎಂಬ ಪಾಳಿಯಲ್ಲಿ ಬರುತ್ತಿತ್ತು. ಬಂದದ್ದೂ ನಿಲ್ಲುತ್ತಿರಲಿಲ್ಲ. ಏಳು ಗಂಟೆಯ ಅವಧಿಯಲ್ಲಿ ನಾಲ್ಕು ಸಲ ಹೋಗಿ ಬಂದರೆ ನಾಲ್ಕು ಸಲವೂ ಹೋಗಿ ಹಸಿರು ಗುಂಡಿ ಒತ್ತಬೇಕು. ಹೊಲ ಊರಿನಿಂದ ಎರಡು ಕಿಲೋಮೀಟರ್, ದಾರಿಯಲ್ಲಿ ಹಾವು, ಒದ್ದೆ ಕೈಯಲ್ಲಿ ಹಳೆಯ ಸ್ವಿಚ್ಚು. ರಾತ್ರಿ ನೀರು ಕಟ್ಟಲು ಹೋಗಿ ಹಾವು ಕಚ್ಚಿ ಅಥವಾ ವಿದ್ಯುತ್ ತಗುಲಿ ಸತ್ತವರ ಸುದ್ದಿ ಓದದ ವರ್ಷವಿಲ್ಲ. ಹೀಗಿರುವಾಗ ಕರೆಂಟು ಬಂದೊಡನೆ ತಾನಾಗಿಯೇ ಮೋಟಾರು ಹಾಕುವ ಪೆಟ್ಟಿಗೆಯೊಂದು ಪೇಟೆಗೆ ಬಂದರೆ ಕೊಳ್ಳದೆ ಇರುವವರಾರು? ವಿದ್ಯುತ್ ಕಂಪನಿಯ ಅಶಿಸ್ತಿಗೆ ರೈತನೇ ತನ್ನ ಖರ್ಚಿನಲ್ಲಿ ಕಂಡುಕೊಂಡ ಪರಿಹಾರವಿದು.

ಇದರ ಕೆಲಸ ಬಹಳ ಸರಳ. ಮೂರೂ ಫೇಸ್ ಬಂದಿವೆಯೇ ಎಂದು ನೋಡುತ್ತದೆ. ಬಂದಿದ್ದರೆ ಕೆಲವು ಸೆಕೆಂಡು ಕಾದು, ಕೈಯಿಂದ ಒತ್ತುವ ಗುಂಡಿಯ ಕೆಲಸವನ್ನು ತಾನೇ ಮಾಡುತ್ತದೆ. ಇಷ್ಟೇ. ಬೋರಿನಲ್ಲಿ ನೀರಿದೆಯೇ, ನಿನ್ನೆ ಮಳೆ ಬಂದಿತ್ತೇ, ಹೊಲ ತೋಯ್ದಿದೆಯೇ ಎಂಬುದು ಅದಕ್ಕೆ ತಿಳಿಯದು. ಅದು ಕರೆಂಟು ನೋಡುತ್ತದೆ, ನೀರು ನೋಡುವುದಿಲ್ಲ.

ಕರಾವಳಿಯ ಮೀನುಗಾರರಿಗೂ ಇಂಥದೇ ಒಂದು ಯಂತ್ರದ ಪರಿಚಯವಿದೆ. ಆಳಸಮುದ್ರಕ್ಕೆ ಹೋಗುವ ದೋಣಿಗಳಿಗೆ ಅಳವಡಿಸುವ ಆಟೋ ಪೈಲಟ್ ಎಂಬುದು ದಿಕ್ಸೂಚಿಯನ್ನು ನೋಡುತ್ತ ಚುಕ್ಕಾಣಿಯನ್ನು ತಾನೇ ತಿರುಗಿಸಿ ದೋಣಿಯನ್ನು ಹೇಳಿದ ದಿಕ್ಕಿನಲ್ಲಿ ಸಾಗಿಸುತ್ತದೆ. ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ಸೋತ ಕೈಗೆ ಇದರಿಂದ ದೊಡ್ಡ ವಿರಾಮ. ಆದರೆ ಎದುರಿಗೆ ಬೇರೆ ದೋಣಿಯಿದೆಯೇ, ಬಲೆ ಹರಡಿದೆಯೇ, ಬಂಡೆಯಿದೆಯೇ ಎಂಬುದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದಲೇ ಯಾವ ಯಂತ್ರವಿದ್ದರೂ ದೋಣಿಯ ಮೇಲೆ ಸದಾ ಕಣ್ಗಾವಲು ಇರಲೇಬೇಕೆಂದು 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮ ಹೇಳುತ್ತದೆ. ಯಂತ್ರಕ್ಕೆ ಚುಕ್ಕಾಣಿ ಕೊಡಬಹುದು, ಕಾವಲು ಕೊಡುವಂತಿಲ್ಲ. ನಮ್ಮ ಬೋರಿನ ಬಳಿ ನಾವು ಎರಡನ್ನೂ ಕೊಟ್ಟುಬಿಟ್ಟಿದ್ದೇವೆ.

ಇದರ ಮೊದಲ ಪೆಟ್ಟು ಬೀಳುವುದು ಮೋಟಾರಿನ ಮೇಲೆ. ಸಬ್‌ಮರ್ಸಿಬಲ್ ಮೋಟಾರು ನೀರಿನಲ್ಲಿ ಮುಳುಗಿರುವಾಗ ಮಾತ್ರ ತಂಪಾಗಿರುತ್ತದೆ. ಪಂಪಿನ ಬುಷ್‌ಗಳಿಗೆ ಎಣ್ಣೆಯೂ ನೀರೇ. ಬೋರಿನ ನೀರು ಇಳಿದು ಬಿಟ್ಟು ಬಿಟ್ಟು ಬರತೊಡಗಿದಾಗ ಎದುರಿಗೆ ನಿಂತ ರೈತ ಕೂಡಲೇ ಆರಿಸುತ್ತಾನೆ. ಆಟೋ ಸ್ಟಾರ್ಟರ್ ಆರಿಸುವುದಿಲ್ಲ. ಖಾಲಿ ಓಡಿದ ಮೋಟಾರು ಕಾದು ವೈಂಡಿಂಗ್ ಸುಡುತ್ತದೆ. ಆಮೇಲೆ ಪೈಪೆಲ್ಲ ಎತ್ತಿಸುವ ಗಾಡಿ ಬಾಡಿಗೆ, ರೀವೈಂಡಿಂಗ್ ಕೂಲಿ, ಮತ್ತೆ ಇಳಿಸುವ ಕೂಲಿ. ಅಷ್ಟರಲ್ಲಿ ಹೂವಿಗೆ ಬಂದ ಟೊಮ್ಯಾಟೊ ಬಾಡಿ ನಿಂತಿರುತ್ತದೆ. ವಿದ್ಯುತ್ತು ಪುಕ್ಕಟೆ ಎಂದು ಹೇಳುವವರು ಈ ಲೆಕ್ಕವನ್ನೂ ಸೇರಿಸಿ ಹೇಳಬೇಕು.

ಎರಡನೆಯ ಪೆಟ್ಟು ಟಿ.ಸಿ.ಯ ಮೇಲೆ. 63 ಕೆ.ವಿ.ಎ. ಟಿ.ಸಿ.ಯೊಂದಕ್ಕೆ 5 ಅಶ್ವಶಕ್ತಿಯ ಹತ್ತು ಮೋಟಾರುಗಳಿವೆಯೆನ್ನಿ. ಓಡುತ್ತಿರುವಾಗ ಒಂದಕ್ಕೆ ಐದೂವರೆ ಕೆ.ವಿ.ಎ.ಯಂತೆ ಹಿಡಿದರೂ ಒಟ್ಟು ಹೊರೆ 55, ಟಿ.ಸಿ. ತಾಳುತ್ತದೆ. ಆದರೆ ನೇರವಾಗಿ ಹಾಕಿದ ಮೋಟಾರು ಹೊರಡುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕೈಯಿಂದ ಹಾಕುವ ಕಾಲದಲ್ಲಿ ಒಬ್ಬ ಈಗ, ಮತ್ತೊಬ್ಬ ಹತ್ತು ನಿಮಿಷದ ಮೇಲೆ ಹಾಕುತ್ತಿದ್ದರು. ಈಗ ಹತ್ತೂ ಆಟೋ ಸ್ಟಾರ್ಟರುಗಳು ಒಂದೇ ಗಳಿಗೆಯಲ್ಲಿ ಹಾಕುತ್ತವೆ. ಮುನ್ನೂರು ಕೆ.ವಿ.ಎ.ಯ ಬೇಡಿಕೆ ಒಮ್ಮೆಗೇ ಬಿದ್ದರೆ ವೋಲ್ಟೇಜ್ ಕುಸಿದು ಯಾವ ಮೋಟಾರೂ ಸರಿಯಾಗಿ ಏಳುವುದಿಲ್ಲ. ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಟಿ.ಸಿ.ಯೇ ಹೋಗುತ್ತದೆ. ಸುಟ್ಟ ಟಿ.ಸಿ. ಬದಲಾಯಿಸಿಕೊಡಿರೆಂದು ಕಚೇರಿಗೆ ಅಲೆದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಉಚಿತ ವಿದ್ಯುತ್ತಿನ ಮಿತಿ 10 ಅಶ್ವಶಕ್ತಿ; ಬೋರು ಆಳವಾದಂತೆ ದಾಖಲೆಯಲ್ಲಿರುವುದೊಂದು, ಒಳಗಿಳಿದಿರುವುದೊಂದು ಎಂಬ ಪರಿಸ್ಥಿತಿಯೂ ಇದರ ಜೊತೆಗಿದೆ.

ಇವೆರಡಕ್ಕಿಂತ ದೊಡ್ಡ ಪೆಟ್ಟು ನೀರಿನ ಮೇಲೆ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರ್. ಬೇಸಿಗೆಯ ದಿನ ಒಂದು ಎಕರೆ ಬೆಳೆಗೆ ಐದು ಮಿಲಿಮೀಟರ್ ಬೇಕೆಂದಿಟ್ಟುಕೊಂಡರೆ 20,000 ಲೀಟರ್ ಆಯಿತು. ಗಂಟೆಗೆ 5,000 ಲೀಟರ್ ಕೊಡುವ ಬೋರು ಇದನ್ನು ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ. ಆಟೋ ಸ್ಟಾರ್ಟರ್ ಏಳು ಗಂಟೆಯೂ ಓಡಿಸುತ್ತದೆ. ಮಿಕ್ಕ 15,000 ಲೀಟರ್ ಎಲ್ಲಿಗೆ ಹೋಯಿತು? ಬದುವಿನಾಚೆ ಹರಿಯಿತು, ಇಲ್ಲವೇ ಬೇರಿಗೆ ಸಿಗದ ಆಳಕ್ಕೆ ಗೊಬ್ಬರವನ್ನೂ ಕರಗಿಸಿಕೊಂಡು ಇಳಿಯಿತು. ಇಳಿದದ್ದು ಮತ್ತೆ ಅಂತರ್ಜಲಕ್ಕೇ ಸೇರುವುದಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಮೇಲಿನ ಮಣ್ಣಿನಲ್ಲಿ ಇಂಗಿದ್ದು ಸಾವಿರ ಅಡಿ ಕೆಳಗಿನ ಬಂಡೆಯ ಸೀಳಿಗೆ ನಮ್ಮ ಅವಸರಕ್ಕೆ ತಲುಪುವುದಿಲ್ಲ. ಬಿಸಿಲಿಗೆ ಆರಿದ್ದಂತೂ ಹೋಯಿತು. ಜಿಲ್ಲೆಯ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಬೆಂಗಳೂರಿನಿಂದ ಪಂಪು ಮಾಡಿ ತಂದು ತುಂಬಿಸಿದ್ದು ಅಂತರ್ಜಲ ಏರಲೆಂದೇ. ಅಷ್ಟು ಖರ್ಚಿನಿಂದ ತಂದು ಇಂಗಿಸುವ ನೀರನ್ನು ಇನ್ನೊಂದು ಕಡೆ ಪೆಟ್ಟಿಗೆಯೊಂದು ಲೆಕ್ಕವಿಲ್ಲದೆ ಎತ್ತಿ ಚೆಲ್ಲುತ್ತಿದೆ.

ಹಗಲು ಕರೆಂಟು ಬಂದರೆ ಇದು ತಾನಾಗಿಯೇ ಸರಿಹೋಗುವುದೆಂದು ನಂಬುವಂತಿಲ್ಲ. ನೆರೆಯ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಪಂಪ್‌ಸೆಟ್ಟುಗಳಿಗೆ 24 ಗಂಟೆ ಉಚಿತ ವಿದ್ಯುತ್ ಕೊಡತೊಡಗಿದಾಗ ಅಲ್ಲಿನ ಸರ್ಕಾರಕ್ಕೆ ಎದುರಾದ ಮೊದಲ ಭಯವೇ ಆಟೋ ಸ್ಟಾರ್ಟರ್. ಕರೆಂಟು ಹೋಗದಿದ್ದರೆ ಮೋಟಾರೂ ನಿಲ್ಲದು, ಬಾವಿ ಬರಿದಾಗುವುದು. ಆಟೋ ಸ್ಟಾರ್ಟರುಗಳನ್ನು ತೆಗೆದುಹಾಕಿರೆಂದು ಅಲ್ಲಿ ಊರೂರಿನಲ್ಲಿ ಪ್ರಚಾರ ನಡೆಸಬೇಕಾಯಿತು. ನಮ್ಮಲ್ಲಿ ಏಳೇ ಗಂಟೆ ಎಂಬುದು ನಿಜ. ಆದರೆ ರಾತ್ರಿ ತುಂಡು ತುಂಡಾಗಿ ಬರುತ್ತಿದ್ದ, ಕುಗ್ಗಿದ ವೋಲ್ಟೇಜಿನ ಏಳು ಗಂಟೆಯೇ ಬೇರೆ, ಹಗಲು ನಿರಾತಂಕವಾಗಿ ಬರುವ ಏಳು ಗಂಟೆಯೇ ಬೇರೆ. ಮೋಟಾರು ಎತ್ತುವ ನೀರು ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವೇ ಜಾಸ್ತಿ.

ಹಾಗೆಂದು ನಾಳೆಯೇ ಕಿತ್ತುಹಾಕಿ ಎಂದು ರೈತರಿಗೆ ಉಪದೇಶಿಸುವುದು ನ್ಯಾಯವಲ್ಲ. 2023ರ ಬರದಲ್ಲಿ ಏಳು ಗಂಟೆ ಎಂದದ್ದು ಐದು ಗಂಟೆಗೆ ಇಳಿದದ್ದನ್ನು ಅವರು ಕಂಡಿದ್ದಾರೆ. ಯಾವ ಹೊತ್ತಿಗೆ ಬರುವುದೋ, ಬಂದದ್ದು ನಿಲ್ಲುವುದೋ ತಿಳಿಯದ ತನಕ ಯಾರೂ ಪೆಟ್ಟಿಗೆ ಬಿಚ್ಚುವುದಿಲ್ಲ, ಬಿಚ್ಚಬೇಕಾಗಿಯೂ ಇಲ್ಲ. ಆದರೆ ಸೌರ ಫೀಡರಿನ ಸಾಲಿಗೆ ಸೇರಿ, ಹಗಲು ಪಾಳಿ ಒಂದು ಹಂಗಾಮು ನೆಟ್ಟಗೆ ನಡೆದ ಊರುಗಳಲ್ಲಿ ಬರೀ ಆಟೋ ಸ್ಟಾರ್ಟರನ್ನು ಹಾಗೆಯೇ ಬಿಡುವುದಕ್ಕೆ ಕಾರಣ ಉಳಿಯುವುದಿಲ್ಲ. ಅಲ್ಲಿ ಕೈಯಿಂದ ಹಾಕಿ ಕೈಯಿಂದ ಆರಿಸುವುದೇ ಮೇಲು. ಹೊಲ ದೂರವಿದ್ದು ಬೇಕೇ ಬೇಕೆನ್ನುವವರು ಅದಕ್ಕೆ ಕಾವಲನ್ನು ಸೇರಿಸಿಕೊಳ್ಳಬೇಕು.

ಕಾವಲೆಂದರೆ ಮುಖ್ಯವಾಗಿ ನೀರಿಲ್ಲದಾಗ ಮೋಟಾರು ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್. ನೀರು ಎತ್ತದ ಮೋಟಾರಿಗೆ ಹೊರೆ ಕಡಿಮೆ, ಆಂಪಿಯರ್ ಇಳಿಯುತ್ತದೆ. ಅದನ್ನು ಗುರುತಿಸಿ ಇದು ಆರಿಸುತ್ತದೆ. ಇದನ್ನು ಕೊಂಡು ಹಾಕಿಸಿದವರೂ ಅನೇಕರು ಅಂಗಡಿಯಿಂದ ಬಂದ ಹಾಗೆಯೇ ಬಿಟ್ಟಿರುತ್ತಾರೆ. ತುಂಬ ನೀರು ಬರುತ್ತಿರುವ ಹೊತ್ತಿನಲ್ಲಿ ನಿಮ್ಮ ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತದೆಂದು ಮೆಕ್ಯಾನಿಕ್ಕಿನಿಂದ ಅಳೆಸಿ, ಅದಕ್ಕೆ ತಕ್ಕಂತೆ ಕೂರಿಸಬೇಕು. ಮೋಟಾರಿನ ಮೇಲಿನ ಪಟ್ಟಿ ನೋಡಿ ಕೂರಿಸಿದರೆ ಒಂದೋ ಸುಮ್ಮಸುಮ್ಮನೆ ಆರುತ್ತದೆ, ಇಲ್ಲವೇ ಆರಬೇಕಾದಾಗ ಆರುವುದಿಲ್ಲ. ಸುಮ್ಮಸುಮ್ಮನೆ ಆರುತ್ತದೆಂದು ಬೇಸತ್ತು ತಂತಿ ಸೇರಿಸಿ ಅದನ್ನು ಬದಿಗೊತ್ತಿದರೆ ಹಾಕಿಸಿಯೂ ಪ್ರಯೋಜನವಿಲ್ಲ. ನೀರು ಕಡಿಮೆಯಾಗಿ ನಿಂತ ಮೇಲೆ ಬೋರಿಗೆ ಊರಲು ಸಮಯ ಕೊಡಬೇಕು. ಮತ್ತೆ ಹೊರಡುವ ಅವಧಿಯನ್ನು ಅರ್ಧ ಗಂಟೆಗಿಂತ ಕಡಿಮೆ ಇಡುವುದು ಸಲ್ಲದು. ಜೊತೆಗೆ ನಾಲ್ಕು ಗಂಟೆ ಸಾಕೆಂದರೆ ನಾಲ್ಕು ಗಂಟೆಗೆ ನಿಲ್ಲಿಸುವ ಟೈಮರ್ ಇದ್ದರೆ ಉತ್ತಮ. ಫೇಸ್ ಒಂದು ಹೋದಾಗ ಆರಿಸುವ ಪ್ರಿವೆಂಟರ್ ಬಹುತೇಕ ಪೆಟ್ಟಿಗೆಗಳಲ್ಲಿ ಇದ್ದೇ ಇರುತ್ತದೆ. ಅದನ್ನು ತಪ್ಪಿಸಿ ಎರಡು ಫೇಸಿನಲ್ಲಿ ಓಡಿಸುವ ಕೈಚಳಕವನ್ನು ಮಾತ್ರ ಬಿಡಬೇಕು.

ಒಂದೇ ಟಿ.ಸಿ.ಯ ರೈತರು ಒಮ್ಮೆ ಕೂತು ಮಾತಾಡಿಕೊಳ್ಳುವುದರಿಂದ ಖರ್ಚಿಲ್ಲದೆ ಆಗುವ ಕೆಲಸ ಇನ್ನೊಂದಿದೆ. ಆಟೋ ಸ್ಟಾರ್ಟರಿನಲ್ಲಿ ಕಾಯುವ ಸಮಯವನ್ನು ಹೆಚ್ಚು ಕಡಿಮೆ ಮಾಡುವ ತಿರುಗುಣಿ ಇರುತ್ತದೆ. ಮೊದಲನೆಯವರು ಒಂದು ನಿಮಿಷ, ಎರಡನೆಯವರು ಎರಡು ನಿಮಿಷ ಎಂಬಂತೆ ಹಂಚಿಕೊಂಡರೆ ಮೋಟಾರುಗಳು ಒಂದರ ಹಿಂದೆ ಒಂದು ಏಳುತ್ತವೆ, ಟಿ.ಸಿ. ಉಳಿಯುತ್ತದೆ. ನಾನೇ ಏಕೆ ಹತ್ತನೆಯವನಾಗಬೇಕೆಂಬ ಪ್ರಶ್ನೆ ಬರುವುದು ಸಹಜ; ತಿಂಗಳಿಗೊಮ್ಮೆ ಸರದಿ ಬದಲಿಸಿಕೊಂಡರಾಯಿತು. ಮೊಬೈಲಿನಿಂದ ಕರೆ ಮಾಡಿ ಹಾಕುವ ಆರಿಸುವ ಸ್ಟಾರ್ಟರುಗಳೂ ಈಗ ಸಿಗುತ್ತವೆ. ತೀರ್ಮಾನ ರೈತನ ಕೈಯಲ್ಲಿಯೇ ಉಳಿಯುವುದರಿಂದ ಬರೀ ಆಟೋಗಿಂತ ಇವು ವಾಸಿ, ಆದರೆ ಹೊಲದಲ್ಲಿ ಸಿಗ್ನಲ್ ಇರಬೇಕು.

ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತನ್ನು ಬಿಡುವಂತಿಲ್ಲ. ಆಟೋ ಸ್ಟಾರ್ಟರ್ ಇರುವ ಪೆಟ್ಟಿಗೆಗೆ, ತಂತಿಗೆ, ಮೋಟಾರಿಗೆ ಕರೆಂಟಿಲ್ಲವೆಂದು ಕೈಹಾಕಬಾರದು. ಬಂದ ಗಳಿಗೆಯಲ್ಲಿ ಅದು ಯಾರನ್ನೂ ಕೇಳದೆ ಹೊರಡುತ್ತದೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಮುಟ್ಟಬೇಕು.

ಬೆಸ್ಕಾಂನಿಂದಲೂ ಆಗಬೇಕಾದದ್ದಿದೆ. ಸೌರ ಫೀಡರಿಗೆ ಸೇರಿದ ಪ್ರತಿಯೊಂದು ಹಳ್ಳಿಯಲ್ಲಿ, ಯಾವ ಪಾಳಿ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಕೊನೆ ಎಂಬ ವೇಳಾಪಟ್ಟಿಯನ್ನು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೆ ಹಾಕಬೇಕು. ತಪ್ಪಿದ ದಿನ ಎಷ್ಟು ಹೊತ್ತು ತಪ್ಪಿತೆಂಬುದನ್ನೂ ಅದರ ಕೆಳಗೇ ಬರೆಯಬೇಕು. ಡ್ರಿಪ್ಪಿಗೆ ಸಹಾಯಧನ ಕೊಡುವ ಸರ್ಕಾರ ಡ್ರೈ ರನ್ ಪ್ರಿವೆಂಟರಿಗೂ ಒಂದು ಪಾಲು ಕೊಟ್ಟರೆ, ಸೌರ ಫಲಕಗಳಿಗೆ ಸುರಿದ ಹಣದ ಎದುರಿಗೆ ಅದು ದೊಡ್ಡ ಮೊತ್ತವಾಗಲಾರದು. ಬೇಸಿಗೆಯ ಬೆಳೆಗೆ ನೀರು ಹಾಯಿಸಲು ಶುರುಮಾಡುವ ಮೊದಲೇ ಇವೆರಡೂ ಆಗಬೇಕು.