ಹಾಲಿನ ಸೈಕಲ್ಲಿಗೆ ದಂಡ, ಆಟದ ಬೈಕಿಗೆ ದಾರಿ

ಕಾನೂನಿಗೆ ಕಣ್ಣಿಲ್ಲ ಅಂತಾರೆ. ಕೋಲ್ಕತ್ತಾದಲ್ಲಿ ಇಷ್ಟು ವರ್ಷ ಬಾಡಿಗೆ ಕಟ್ಟಿದ ಮೇಲೆ ನಾನಂತೂ ಈ ಮಾತನ್ನು ಒಪ್ಪೋದಿಲ್ಲ. ಕಣ್ಣಿದೆ ಸ್ವಾಮಿ, ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಕಾಣಿಸುವುದು ಎರಡೇ: ನಂಬರ್ ಪ್ಲೇಟು ಇರುವ ಗಾಡಿ, ಮತ್ತು ಓಡಿ ತಪ್ಪಿಸಿಕೊಳ್ಳಲಾರದ ಬಡವ.

ನಾನಿರುವುದು ಅಲಿಪುರದಲ್ಲಿ. ಮೃಗಾಲಯ, ನ್ಯಾಷನಲ್ ಲೈಬ್ರರಿ, ಈಗ ಮ್ಯೂಸಿಯಂ ಆಗಿರುವ ಹಳೇ ಜೈಲು, ಎಲ್ಲ ಇಲ್ಲೇ. ಬೆಂಗಳೂರಿನ ಸದಾಶಿವನಗರಕ್ಕೆ ಇನ್ನಷ್ಟು ಹಳೆಯ ಮರಗಳನ್ನೂ ಸ್ವಲ್ಪ ಬ್ರಿಟಿಷರ ಗತ್ತನ್ನೂ ಸೇರಿಸಿಕೊಂಡರೆ ನಿಮಗೆ ಅಂದಾಜು ಸಿಗುತ್ತದೆ. ಎತ್ತರದ ಕಾಂಪೌಂಡುಗಳೊಳಗೆ ಶ್ರೀಮಂತರ ಮನೆಗಳು. ಆ ಮನೆಗಳಿಗೆ ಹಾಲು, ಪೇಪರು, ಮೀನು ತರುವವರು, ಪಾತ್ರೆ ತೊಳೆಯುವವರು ಬರುವುದು ಪಕ್ಕದ ಚೇತ್ಲಾದಂಥ ಕಡೆಗಳಿಂದ, ಸೈಕಲ್ಲಿನಲ್ಲಿ ಇಲ್ಲವೇ ನಡೆದುಕೊಂಡು.

ಈಚೆಗೆ ಈ ಬೀದಿಗಳಿಗೆ ಹೊಸ ಆಟಿಕೆಯೊಂದು ಬಂದಿದೆ. ಎಲೆಕ್ಟ್ರಿಕ್ ಡರ್ಟ್ ಬೈಕು. ಮಣ್ಣುದಾರಿ, ಗುಡ್ಡಗಳಲ್ಲಿ ಹಾರಿಸಲೆಂದೇ ಮಾಡಿದ ಗಾಡಿ. ಹಲ್ಲುಹಲ್ಲಿನ ಟೈರು, ಉದ್ದನೆಯ ಸಸ್ಪೆನ್ಷನ್ನು. ಹೊಗೆ ಇಲ್ಲ, ಸದ್ದೂ ಇಲ್ಲ. ಓಡಿಸುವವರು ಹದಿಮೂರು, ಹದಿನಾಲ್ಕರ ಹುಡುಗರು. ಕೇಳಿದರೆ ಅವರಪ್ಪಂದಿರದು ಒಂದೇ ಉತ್ತರ: "ಬ್ಯಾಟರಿ ಗಾಡಿ ಅಲ್ವಾ, ಲೈಸೆನ್ಸ್ ಬೇಕಿಲ್ಲ."

ಇದು ಅರ್ಧ ಸತ್ಯ, ಅದಕ್ಕೇ ಅಪಾಯ. ಕೇಂದ್ರ ಮೋಟಾರು ವಾಹನ ನಿಯಮಗಳು ಬ್ಯಾಟರಿ ಗಾಡಿಗೆ ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ಅದಕ್ಕೆ ಷರತ್ತುಗಳಿವೆ. ಮೋಟಾರು ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಬಾರದು. ಇದನ್ನು ಅಂಗಡಿಯವನು ಬಾಯಲ್ಲಿ ಹೇಳಿದರೆ ಸಾಲದು, ಸರ್ಕಾರ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು. ಈ ಗೆರೆ ದಾಟಿದ ಗಾಡಿ ರಸ್ತೆಗಿಳಿದರೆ ಅದು ಮೋಟಾರು ಸೈಕಲ್ಲೇ. ಅದಕ್ಕೆ ನೋಂದಣಿ, ವಿಮೆ, ಲೈಸೆನ್ಸು, ಹೆಲ್ಮೆಟ್ಟು ಎಲ್ಲ ಬೇಕು. ಹದಿನೆಂಟು ತುಂಬದ ಮಗ ಅದನ್ನು ಓಡಿಸಿ ಅಪರಾಧ ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಪುಸ್ತಕದಲ್ಲಿ ಇಷ್ಟೆಲ್ಲ ಇದೆ. ಬೀದಿಯಲ್ಲಿ? ಈಗ ದಂಡ ಹಾಕುವ ಕೆಲಸದಲ್ಲಿ ಅರ್ಧ ಕ್ಯಾಮೆರಾದ್ದು. ಕ್ಯಾಮೆರಾ ಓದುವುದು ನಂಬರ್ ಪ್ಲೇಟು. ಪ್ಲೇಟೇ ಇಲ್ಲದವನಿಗೆ ಚಲನ್ ಕಳಿಸುವುದು ಯಾವ ವಿಳಾಸಕ್ಕೆ? ನಿಯಮ ಪಾಲಿಸಿ ನಂಬರ್ ಹಾಕಿಸಿಕೊಂಡವನು ಸಿಕ್ಕಿಬೀಳುತ್ತಾನೆ, ಹಾಕಿಸದವನು ಪಾರಾಗುತ್ತಾನೆ. ಎಂಥ ವ್ಯವಸ್ಥೆ ನೋಡಿ.

ಪ್ಲೇಟು ಇಲ್ಲದ ಇನ್ನೊಂದು ಗಾಡಿಯೂ ಇದೆ, ಸೈಕಲ್ಲು. ಅದರ ಕಥೆ ಕೇಳಿ. ಕೋಲ್ಕತ್ತಾ ಪೊಲೀಸರು 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲು ನಿಷೇಧಿಸಿದರು. ಹಾಲಿನವರು, ಪೇಪರಿನವರು, ಕೂಲಿಯವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಪಟ್ಟಿ ಚಿಕ್ಕದಾಯಿತು, ನಿಷೇಧ ಹೋಗಲಿಲ್ಲ. 2020ರಲ್ಲಿ ಕೋವಿಡ್ಡಿನಿಂದ ಬಸ್ಸು, ಮೆಟ್ರೋ ಕೈಕೊಟ್ಟಾಗ ಕೆಲವು ರಸ್ತೆಗಳಲ್ಲಿ ತಾತ್ಕಾಲಿಕವಾಗಿ ಸೈಕಲ್ಲು ಬಿಟ್ಟರು. ಕಷ್ಟಕಾಲಕ್ಕೆ ಸೈಕಲ್ಲು ಬೇಕು, ಕಾರುಗಳು ಮತ್ತೆ ಓಡತೊಡಗಿದರೆ ಅದೇ ಅಡ್ಡಿ! ಇದೇ ರಾಜ್ಯದ ಸರ್ಕಾರ 2015ರಿಂದ 'ಸಬುಜ್ ಸಾಥಿ' ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಒಂದು ಕೋಟಿಗೂ ಹೆಚ್ಚು ಸೈಕಲ್ಲು ಹಂಚಿದೆ. ನಮ್ಮಲ್ಲೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ಲು ಕೊಡಲು ಶುರುಮಾಡಿದ್ದು ನಿಮಗೆ ನೆನಪಿರಬಹುದು. ಸೈಕಲ್ಲು ಕೊಡುವ ಕೈ ಒಂದು, ರಸ್ತೆ ಕಿತ್ತುಕೊಳ್ಳುವ ಕೈ ಇನ್ನೊಂದು.

ಹೋದ ಚಳಿಗಾಲದಲ್ಲಿ ನಮ್ಮ ಮನೆಗೆ ಅಡುಗೆಗೆ ಬರುವ ಮಾಶಿಗೆ ಇಂಥ ಬೈಕೊಂದು ಹಿಂದಿನಿಂದ ಗುದ್ದಿತು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. "ಶಬ್ದವೇ ಬರಲಿಲ್ಲ ದಾದಾ" ಅಂದಳು. ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರು, ಮೂರು ಮನೆಯ ಕೆಲಸ ಹೋಯಿತು. ದೂರು ಬರೆಯೋಣ ಅಂದರೆ ಗಾಡಿಯ ನಂಬರಿನ ಜಾಗದಲ್ಲಿ ಏನು ಬರೆಯೋದು? ವಿಮೆ ಇದ್ದಿದ್ದರೆ ಪರಿಹಾರಕ್ಕೊಂದು ದಾರಿಯಾದರೂ ಇರುತ್ತಿತ್ತು. ಯಾರೋ ಐದು ಸಾವಿರ ಕಳಿಸಿಕೊಟ್ಟರು, ಯಾರ ಹೆಸರೂ ಹೊರಬರಲಿಲ್ಲ. ಅದೇ ವಾರ ನಮ್ಮ ಹಾಲಿನವನಿಗೆ ದೊಡ್ಡ ರಸ್ತೆ ದಾಟುವಾಗ ನೂರು ರೂಪಾಯಿ ದಂಡ ಬಿತ್ತು. ಅವನು ಯಾರ ಕೈಯನ್ನೂ ಮುರಿದಿರಲಿಲ್ಲ. ನಿಲ್ಲಿಸು ಅಂದಾಗ ನಿಲ್ಲಿಸಿದ್ದ, ಅಷ್ಟೇ.

"ಮಕ್ಕಳು ಆಡಬಾರದೇನ್ರೀ? ಪೆಟ್ರೋಲ್ ಬೈಕಿಗಿಂತ ಇದು ವಾಸಿ ಅಲ್ವೇ?" ಅಂತ ಕೇಳುವವರಿದ್ದಾರೆ. ಆಡಲಿ, ಬೇಡ ಅಂದವರು ಯಾರು? ಗಾಡಿಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರಲ್ಲಿ 'ಶಾಕ್‌ವೇವ್' ಅನ್ನುವ ಇದೇ ಜಾತಿಯ ಬೈಕನ್ನು ತೋರಿಸಿತು. ನಂಬರ್ ಹಾಕಿಸಿ, ಲೈಸೆನ್ಸ್ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸಲೆಂದೇ ಮಾಡಿದ್ದು. ಆಟವೇ ಬೇಕು ಅಂದರೆ ಅದಕ್ಕೂ ನಮ್ಮವರೇ ದಾರಿ ತೋರಿಸಿದ್ದಾರೆ. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಕಡೆ ಡರ್ಟ್ ಬೈಕ್ ಕಲಿಸುವ ಅಂಗಳವನ್ನೇ ಕಟ್ಟಿದರು. ಅಲ್ಲಿ ಬಿದ್ದರೆ ಬೀಳುವುದು ಓಡಿಸಿದವನು. ಇಲ್ಲಿ ಬೀಳುವುದು ಮಾಶಿ.

ಇದು ಬಂಗಾಳದ ತಲೆನೋವು, ನಮಗೇನು ಅಂದುಕೊಳ್ಳಬೇಡಿ. 25 ಕಿಲೋಮೀಟರ್ ಅಂತ ಮಾರಿದ ಸ್ಕೂಟರುಗಳ ವೇಗವನ್ನು ಅಂಗಡಿಯವರೇ ಏರಿಸಿಕೊಡುತ್ತಿದ್ದುದನ್ನು ಕೇರಳದ ಮೋಟಾರು ವಾಹನ ಇಲಾಖೆ 2023ರಲ್ಲಿ ದಾಳಿ ಮಾಡಿ ಹಿಡಿಯಿತು. ಕೇರಳ ನಮ್ಮ ಬೇಲಿಯಾಚೆಗೇ ಇದೆ. ಮೈಸೂರಿನ ಬಡಾವಣೆಗೆ, ಸಕಲೇಶಪುರದ ತೋಟದ ದಾರಿಗೆ ಈ ಗಾಡಿ ಬರುವುದಕ್ಕೆ ಎಷ್ಟು ಹೊತ್ತು?

ಹೊಸ ಕಾನೂನೇನೂ ಬೇಡ. ಪರೀಕ್ಷೆಯ ಪತ್ರವಿಲ್ಲದ ಗಾಡಿ ಮಾರುವಾಗ "ಇದು ರಸ್ತೆಗಲ್ಲ" ಅಂತ ಅಂಗಡಿಯವನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಲಿ, ಕೊಂಡವನೂ ಹಾಕಲಿ. ರಸ್ತೆಯಲ್ಲಿ ಸಿಕ್ಕರೆ ಹುಡುಗನನ್ನು ಬಿಟ್ಟು ಅಪ್ಪನನ್ನು ಕರೆಸಲಿ. ಸೈಕಲ್ಲಿನ ಮೇಲಿನ ನಿಷೇಧವನ್ನು ತೆಗೆದುಹಾಕಲಿ. ಈ ಮೂರಕ್ಕೆ ಖರ್ಚೂ ಇಲ್ಲ, ಕ್ಯಾಮೆರಾವೂ ಬೇಕಿಲ್ಲ. ಬೇಕಾಗಿರುವುದು ಎತ್ತರದ ಕಾಂಪೌಂಡಿನ ಗೇಟು ತಟ್ಟುವ ಧೈರ್ಯ. ಹಾಲಿನವನ ಹ್ಯಾಂಡಲು ಹಿಡಿದು ನಿಲ್ಲಿಸುವಾಗ ಆ ಧೈರ್ಯ ಎಲ್ಲರಿಗೂ ಬರುತ್ತದೆ.