ಮಡಿಯೂ ಶುಚಿಯೂ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾವ್ಯವಿಮರ್ಶೆ, ಇತಿಹಾಸ, ಪ್ರವಾಸಕಥನ ಮೊದಲಾದ ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಹೆಣ್ಣುಮಕ್ಕಳ ಗುಪ್ತಾಂಗದ ಶುಚಿಯನ್ನೂ ಅಲ್ಲಿನ ವಾಸನೆಯನ್ನೂ ಕುರಿತ ಬರಹವೊಂದು ಕಂಡರೆ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೂ ಇಲ್ಲಿನ ವಿದ್ಯಾರ್ಥಿನಿಯರಲ್ಲಿ ಈ ಚಿಂತೆ ಒಮ್ಮೆಯಾದರೂ ಕಾಡದವರು ವಿರಳವೆಂದು ನಾನು ಬಲ್ಲೆ. ಪಕ್ಕದವರಿಗೆ ವಾಸನೆ ತಿಳಿದೀತೆಂದು ಕಡೆಯ ಬೆಂಚನ್ನು ಹುಡುಕುವವರುಂಟು. ಮುಟ್ಟಿನ ಮೂರು ದಿನ ತರಗತಿಯನ್ನೇ ಬಿಡುವವರುಂಟು. ತಿಂಡಿಯ ಹಣವನ್ನು ಉಳಿಸಿ ಸುಗಂಧದ ಸೀಸೆಗೆ ತೆತ್ತವರೂ ಉಂಟು. ಇಷ್ಟು ಮಂದಿಯ ಮನಸ್ಸನ್ನು ಕೊರೆಯುವ ವಿಷಯವು ಮಾತಿಗೆ ಮಾತ್ರ ಯೋಗ್ಯವಲ್ಲವೆಂದರೆ ಅದು ಯಾವ ನ್ಯಾಯ?

ನಮ್ಮ ಜನ ಶುಚಿಯನ್ನು ಅರಿಯದವರಲ್ಲ. ಹೊಸಿಲು ಸಾರಿಸುತ್ತೇವೆ, ಪಾತ್ರೆ ಬೆಳಗುತ್ತೇವೆ. ಮಿಂದಲ್ಲದೆ ಒಲೆ ಹೊತ್ತಿಸದ ಮನೆಗಳು ಇಂದಿಗೂ ಇವೆ. ಆದರೆ ಮಡಿಯೇ ಬೇರೆ, ಶುಚಿಯೇ ಬೇರೆ ಎಂಬುದು ನನ್ನ ವಾದ. ಮಡಿಬಟ್ಟೆಯನ್ನು ಯಾರೂ ಮುಟ್ಟದಂತೆ ಎತ್ತರದ ಗಳುವಿನ ಮೇಲೆ ಹರವಿ ಒಣಗಿಸುತ್ತೇವೆ. ಮುಟ್ಟಿನ ಬಟ್ಟೆಯನ್ನಾದರೋ, ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಲಿನ ಮೂಲೆಯಲ್ಲಿಯೋ ಬೇರೊಂದು ಬಟ್ಟೆಯ ಅಡಿಯಲ್ಲಿಯೋ ಅರೆ ಒದ್ದೆಯಾಗಿಯೇ ಮುಚ್ಚಿಡುತ್ತೇವೆ. ಬಿಸಿಲು ಗಾಳಿಗಳು ಎಲ್ಲಕ್ಕಿಂತ ಹೆಚ್ಚಾಗಿ ಯಾವ ಬಟ್ಟೆಗೆ ಬೇಕೋ ಆ ಬಟ್ಟೆಗೇ ಅವು ದೊರೆಯುವುದಿಲ್ಲ. ಮಡಿಯ ಲೆಕ್ಕದಲ್ಲಿ ಮನೆ ಶುದ್ಧವಾಯಿತು. ಶುಚಿಯ ಲೆಕ್ಕದಲ್ಲಿ ಮಗಳಿಗೆ ತುರಿಕೆ ಅಂಟಿತು. ಹನ್ನೆರಡನೆಯ ಶತಮಾನದ ಶರಣರು ಇತರ ಸೂತಕಗಳೊಡನೆ ರಜಸ್ಸೂತಕವನ್ನೂ ಅಲ್ಲಗಳೆದ ನಾಡು ಇದು. ಎಂಟುನೂರು ವರ್ಷಗಳ ಮೇಲೂ ಆ ಬಟ್ಟೆ ಬಿಸಿಲು ಕಾಣದಿರುವುದು ನಮಗೆ ಶೋಭೆಯಲ್ಲ.

ಇನ್ನು ವಾಸನೆಯ ಮಾತು. ಮೊದಲು ತಿಳಿಯಬೇಕಾದುದು ಇಷ್ಟು: ಆರೋಗ್ಯವಾಗಿರುವ ಯೋನಿಗೂ ತನ್ನದೇ ಆದ ಮೆಲ್ಲನೆಯ ವಾಸನೆಯೊಂದು ಇರುತ್ತದೆ, ಅದು ಕೊಳೆಯಲ್ಲ, ರೋಗವೂ ಅಲ್ಲ. ಜರ್ಮನಿಯ ವೈದ್ಯರಾದ ಆಲ್ಬರ್ಟ್ ಡೋಡರ್ಲೈನ್ ಅವರು ಅಲ್ಲಿ ನೆಲೆಸಿರುವ ಒಂದು ಬಗೆಯ ಜೀವಾಣುವನ್ನು 1892ರಲ್ಲಿ ವರ್ಣಿಸಿದರು. ಲ್ಯಾಕ್ಟೋಬ್ಯಾಸಿಲಸ್ ಎಂಬ ಆ ಗುಂಪಿನ ಜೀವಾಣುಗಳು ನಮ್ಮ ಅಡುಗೆಮನೆಯಲ್ಲಿ ಹಾಲನ್ನು ಮೊಸರಾಗಿಸುವ ಜೀವಾಣುಗಳ ನೆಂಟರು. ಹೆಪ್ಪು ಹಾಲಿನಲ್ಲಿ ಹುಳಿ ಹುಟ್ಟಿಸುವಂತೆಯೇ ಇವೂ ಅಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುತ್ತವೆ. ಮೈನೆರೆದಂದಿನಿಂದ ಮುಟ್ಟು ನಿಲ್ಲುವವರೆಗೆ ಆ ಜಾಗದ ಪಿ.ಎಚ್. ಸಾಮಾನ್ಯವಾಗಿ 3.8ರಿಂದ 4.5ರವರೆಗೆ ಇರುತ್ತದೆ. ಈ ಹುಳಿಯಲ್ಲಿ ಹಾನಿಕರವಾದ ಜೀವಾಣುಗಳು ಸುಲಭವಾಗಿ ಬೆಳೆಯಲಾರವು. ಹಳೆಯ ಜೀವಕೋಶಗಳನ್ನು ಹೊತ್ತು ಹೊರಬರುವ ಬಿಳಿಯ ಸ್ರಾವವೂ ಇದೇ ಏರ್ಪಾಡಿನ ಒಂದು ಭಾಗ. ತಿಂಗಳ ನಡುವೆ ಅದು ತೆಳ್ಳಗಾಗಿ ಹೆಚ್ಚಿತೆಂದರೆ, ಮೈಯ ಸತ್ತ್ವವೆಲ್ಲ ಸೋರಿಹೋಯಿತೆಂದು ಅಂಜಬೇಕಾಗಿಲ್ಲ. ಒಳಭಾಗವು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ನಾವು ತೊಳೆಯಬೇಕಾದುದು ಹೊರಭಾಗವನ್ನು ಮಾತ್ರ.

ಇದನ್ನು ಅರಿಯದೆ ಹೆದರಿದವರಿಗೆ ಸೀಸೆ ಮಾರುವ ವ್ಯಾಪಾರ ಹೊಸದೇನೂ ಅಲ್ಲ. ಅಮೆರಿಕದಲ್ಲಿ 1920ರಿಂದ 1940ರವರೆಗಿನ ದಶಕಗಳಲ್ಲಿ ಲೈಸಾಲ್ ಎಂಬ ಕ್ರಿಮಿನಾಶಕವನ್ನು ನೀರಿಗೆ ಬೆರೆಸಿ ಒಳಗೆ ತೊಳೆದುಕೊಳ್ಳುವಂತೆ ಪತ್ರಿಕೆಗಳಲ್ಲಿ ಜಾಹೀರಾತುಗಳು ಬರುತ್ತಿದ್ದವು. ಗಂಡ ಮುನಿಸಿಕೊಂಡು ದೂರವಾಗಿದ್ದಾನೆಂದೂ ಅದಕ್ಕೆ ಹೆಂಡತಿಯ ಅಲಕ್ಷ್ಯವೇ ಕಾರಣವೆಂದೂ ಅವುಗಳಲ್ಲಿ ಚಿತ್ರಿಸುತ್ತಿದ್ದರು. ಆ ಮಾತನ್ನು ನಂಬಿ ಸುಟ್ಟ ಗಾಯ ಮಾಡಿಕೊಂಡವರು ಎಷ್ಟೋ ಮಂದಿ. ಇಂದಿನ ಸೀಸೆಗಳಲ್ಲಿ ಅಂತಹ ಉಗ್ರವಾದ ದ್ರವವಿಲ್ಲ, ನಿಜ; ಆದರೆ ಹೆದರಿಸಿ ಮಾರುವ ರೀತಿ ಮಾತ್ರ ಅದೇ. ಸಾಬೂನು ಕ್ಷಾರವಸ್ತು, ಅದರ ಪಿ.ಎಚ್. ಸಾಮಾನ್ಯವಾಗಿ 9ರಿಂದ 10. ಅದನ್ನಾಗಲಿ ಪರಿಮಳದ ದ್ರವವನ್ನಾಗಲಿ ಒಳಗೆ ಹಾಕಿ ತೊಳೆದರೆ ಹುಳಿ ಕೆಡುತ್ತದೆ, ಕಾವಲಿನ ಜೀವಾಣುಗಳು ಕಡಮೆಯಾಗುತ್ತವೆ. ಕಡೆಗೆ ಯಾವ ವಾಸನೆಗೆ ಹೆದರಿದೆವೋ ಅದಕ್ಕೇ ದಾರಿ ಮಾಡಿಕೊಟ್ಟಂತಾಗುತ್ತದೆ. ಒಳಗೆ ತೊಳೆಯುವ ಅಭ್ಯಾಸ ಬೇಡವೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆಯೇ ಈಗ ಹೇಳುತ್ತಿದೆ. ಕ್ರಿಮಿನಾಶಕ, ಸುಗಂಧದ ಪುಡಿ, ನಿಂಬೆಯ ರಸ, ಇವಾವುವೂ ಅಲ್ಲಿಗೆ ಸಲ್ಲವು.

ಹಾಗಾದರೆ ನಿತ್ಯವೂ ಮಾಡಬೇಕಾದುದೇನು? ಹೆಚ್ಚೇನೂ ಇಲ್ಲ. ತೊಡೆಯ ಸಂದಿಯಲ್ಲಿರುವ ಒಂದು ಬಗೆಯ ಬೆವರಿನ ಗ್ರಂಥಿಗಳು ಹರೆಯದಲ್ಲಿ ಕೆಲಸಕ್ಕೆ ತೊಡಗುತ್ತವೆ. ಬೆವರಿಗೆ ತನ್ನಷ್ಟಕ್ಕೆ ನಾತವಿಲ್ಲ; ಚರ್ಮದ ಮೇಲಿನ ಜೀವಾಣುಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಆದುದರಿಂದ ದಿನಕ್ಕೊಮ್ಮೆ, ಬೇಸಗೆಯಲ್ಲಿ ಬೇಕಾದರೆ ಎರಡು ಸಲ, ಹೊರಭಾಗವನ್ನು ಉಗುರುಬೆಚ್ಚನೆಯ ನೀರಿನಿಂದ ತೊಳೆದು ತೇವವಿಲ್ಲದಂತೆ ಒರೆಸಿಕೊಂಡರೆ ಸಾಕು. ಸಾಬೂನು ಬೇಕೆನಿಸಿದರೆ ಪರಿಮಳವಿಲ್ಲದ ಮೃದುವಾದುದನ್ನು ಹೊರಗಿನ ಚರ್ಮಕ್ಕೆ ಮಾತ್ರ ಹಚ್ಚಬೇಕು. ಶೌಚದ ನಂತರ ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕೇ ಹೊರತು ಹಿಂದಿನಿಂದ ಮುಂದಕ್ಕೆ ಬರಬಾರದು. ಒಳಉಡುಪು ಹತ್ತಿಯದಾಗಿರಲಿ, ಬಿಗಿಯಾಗದಿರಲಿ, ದಿನವೂ ಬದಲಾಗಲಿ. ಮಳೆಗಾಲದಲ್ಲಿ ಹಸಿಬಟ್ಟೆಯನ್ನು ಉಡುವುದಕ್ಕಿಂತ ಇಸ್ತ್ರಿ ಹಾಕಿ ತೇವವನ್ನು ಆರಿಸಿಕೊಳ್ಳುವುದು ಮೇಲು. ಮುಟ್ಟಿನ ರಕ್ತವೂ ಬಹಳ ಹೊತ್ತು ಬಟ್ಟೆಯಲ್ಲಿ ನಿಂತಾಗಲೇ ನಾರುತ್ತದೆ. ಪ್ಯಾಡಾಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಬಟ್ಟೆಯನ್ನು ಬಳಸುವವರು ಅದನ್ನು ತಣ್ಣೀರಿನಲ್ಲಿ ನೆನೆಸಿ, ಸಾಬೂನಿನಿಂದ ಒಗೆದು, ಬಿಸಿಲಿಗೆ ಹರವಿ ಗರಿಗರಿಯಾಗಿ ಒಣಗಿಸಬೇಕು. ಪರಿಮಳ ಬೆರೆಸಿದ ಪ್ಯಾಡಿಗಿಂತ ಸಾದಾ ಪ್ಯಾಡೇ ವಾಸಿ. ಪರಿಮಳವು ಕೆಲವರ ಚರ್ಮಕ್ಕೆ ಆಗದು.

ಇಷ್ಟೆಲ್ಲ ಮಾಡಿದ ಮೇಲೂ ವಾಸನೆ ಎಂದಿನಂತಿಲ್ಲದೆ ಬದಲಾದರೆ, ಅದು ಮೈ ಕೊಡುವ ಸೂಚನೆಯೆಂದು ತಿಳಿಯಬೇಕು. ಮೀನಿನಂತಹ ವಾಸನೆಯೂ ತೆಳ್ಳನೆಯ ಬೂದುಬಿಳಿ ಸ್ರಾವವೂ ಕೂಡಿ ಬಂದರೆ ಮೇಲೆ ಹೇಳಿದ ಜೀವಾಣುಗಳ ಸಮತೋಲ ತಪ್ಪಿರುವುದು ಸಂಭವ. ಒಡೆದ ಹಾಲಿನಂತಹ ಗಟ್ಟಿ ಸ್ರಾವ ಬಂದು, ನಾತವಿಲ್ಲದೆ ತುರಿಕೆಯೇ ಹೆಚ್ಚಾಗಿದ್ದರೆ ಅದು ಬಹುಶಃ ಶಿಲೀಂಧ್ರದ ಸೋಂಕು. ಮೇಲಿಂದ ಮೇಲೆ ಮರುಕಳಿಸಿದರೆ ಸಕ್ಕರೆ ಕಾಯಿಲೆಯಿದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು. ಹಳದಿ ಹಸಿರು ಬಣ್ಣದ ಸ್ರಾವ ಟ್ರೈಕೊಮೊನಾಸ್ ಎಂಬ ಪರೋಪಜೀವಿಯಿಂದ ಆಗಬಹುದು. ಆಗ ಗಂಡನಿಗೂ ಚಿಕಿತ್ಸೆಯಾಗದೆ ಹೆಂಡತಿಗೆ ಗುಣವಾಗುವುದಿಲ್ಲ. ಇವೆಲ್ಲಕ್ಕೂ ಔಷಧವುಂಟು. ಆದರೆ ಒಂದರ ಔಷಧ ಇನ್ನೊಂದಕ್ಕೆ ನಾಟದು; ಆದಕಾರಣ ಗೆಳತಿಯ ಮಾತು ಕೇಳಿ ಅಂಗಡಿಯಿಂದ ಮಾತ್ರೆ ತರುವುದು ತರವಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ನಮ್ಮ ತಾಯಂದಿರನ್ನು ಕುರಿತದ್ದು. ಗರ್ಭಕೊರಳಿನ ಕ್ಯಾನ್ಸರ್ ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರಿನ ನಂತರ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್. ದುರ್ನಾತದ ಸ್ರಾವ, ಮುಟ್ಟು ನಿಂತ ಮೇಲೂ ಕಾಣುವ ರಕ್ತ, ಇವು ಅದರ ಲಕ್ಷಣಗಳಾಗಿರಬಹುದು. ಆರಂಭದಲ್ಲಿ ಅದು ಯಾವ ಲಕ್ಷಣವನ್ನೂ ತೋರದೆ ಇರುವುದೂ ಉಂಟು. ಆದುದರಿಂದಲೇ 30 ವರ್ಷ ದಾಟಿದ ಹೆಂಗಸರು ಲಕ್ಷಣಗಳಿಗಾಗಿ ಕಾಯದೆ ತಪಾಸಣೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಬೇಗ ಕಂಡುಹಿಡಿದರೆ ಗುಣವಾಗುವ ರೋಗವಿದು. "ಈ ವಯಸ್ಸಿನಲ್ಲಿ ಡಾಕ್ಟರ ಮುಂದೆ ಇದನ್ನು ಹೇಳುವುದುಂಟೇ?" ಎಂದು ಸೆರಗು ಮುಚ್ಚಿಕೊಂಡು ದಿನ ದೂಡುವ ಹೆಂಗಸರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆ ಸಂಕೋಚಕ್ಕೆ ಪ್ರಾಣವನ್ನೇ ಬೆಲೆಯಾಗಿ ತೆರಬೇಕಾದೀತು.

ಹೆಣ್ಣುಮಕ್ಕಳಿಗೆ ಉಪದೇಶ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ನಾನು ಹೇಳಲಾರೆ. ಹರೆಯದ ಹುಡುಗಿಯರಿಗೆ ಪ್ಯಾಡುಗಳನ್ನು ಹಂಚುವ ‘ಶುಚಿ’ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರವು 2013-14ರಲ್ಲಿ ಆರಂಭಿಸಿತು. ಪ್ಯಾಡಿನ ಮೇಲಿದ್ದ ಶೇಕಡ 12ರ ತೆರಿಗೆ 2018ರ ಜುಲೈ ತಿಂಗಳಲ್ಲಿ ರದ್ದಾಯಿತು. ಇವು ಸಂತೋಷದ ಸಂಗತಿಗಳೇ. ಆದರೆ ಪ್ಯಾಡು ಕೈಗೆ ಬಂದರೆ ಸಾಲದು, ಅದನ್ನು ಬದಲಾಯಿಸಲು ಒಂದು ಜಾಗವೂ ಬೇಕಷ್ಟೆ. ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹತ್ತಿ ಬಂದು ಸಂಜೆಗೆ ಮರಳುವ ವಿದ್ಯಾರ್ಥಿನಿಯರು ನಮ್ಮಲ್ಲಿ ಬಹಳ ಮಂದಿ. ಶೌಚಾಲಯದಲ್ಲಿ ನೀರಿಲ್ಲವೆಂದು, ಬಾಗಿಲಿಗೆ ಚಿಲಕವಿಲ್ಲವೆಂದು ಅವರು ದಿನವಿಡೀ ನೀರನ್ನೇ ಕುಡಿಯದೆ, ಮೂತ್ರವನ್ನು ತಡೆದು ಕುಳಿತಿರುತ್ತಾರೆ. ಮೂತ್ರನಾಳದ ಸೋಂಕಿಗೆ ಇದೇ ದಾರಿ. ವಾರ್ಷಿಕೋತ್ಸವದ ತೋರಣಕ್ಕೆ ಆಗುವ ವೆಚ್ಚದಲ್ಲಿ ಒಂದು ಪಾಲು ಸಾಕು: ನಲ್ಲಿಯಲ್ಲಿ ನೀರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಮುಚ್ಚಳವಿರುವ ಒಂದು ಬುಟ್ಟಿ. ಇವುಗಳ ಜೊತೆಗೆ ವರ್ಷಕ್ಕೊಮ್ಮೆ ಲೇಡಿ ಡಾಕ್ಟರೊಬ್ಬರಿಂದ ಉಪನ್ಯಾಸವನ್ನೂ ಏರ್ಪಡಿಸಬೇಕೆಂದು ಮಾನ್ಯ ಪ್ರಿನ್ಸಿಪಾಲರಲ್ಲಿ ವಿನಯದಿಂದ ಪ್ರಾರ್ಥಿಸುತ್ತೇನೆ.

ಈ ಲೇಖನವನ್ನು ಓದುವ ಸೋದರರಲ್ಲಿಯೂ ಒಂದು ಮಾತು. ತರಗತಿಯ ನಡುವೆ ಹುಡುಗಿಯೊಬ್ಬಳು ಚೀಲವನ್ನು ಹಿಡಿದು ಎದ್ದುಹೋದರೆ ನಗಬೇಡಿ. ನಾಳೆ ನೀವು ಮನೆ ಕಟ್ಟಿಸುವವರು, ಹೆಣ್ಣುಮಕ್ಕಳ ತಂದೆಯರಾಗುವವರು. ಬಟ್ಟೆ ಒಣಹಾಕುವ ಹಗ್ಗವನ್ನು ಬಿಸಿಲು ಬೀಳುವ ಕಡೆ ಕಟ್ಟಿಕೊಡುವ ಕೆಲಸ ನಿಮ್ಮದೂ ಹೌದು.

ನನ್ನ ಸೋದರಿಯರಾದರೋ ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಮೂಲೆಯ ಬಟ್ಟೆಯನ್ನು ತೆಗೆದು ಬಿಸಿಲಿಗೆ ಹಾಕಲಿ. ಯಾರಾದರೂ ಕೇಳಿದರೆ ಕಾರಣವನ್ನು ತಾಳ್ಮೆಯಿಂದ ತಿಳಿಸಲಿ. ಅಮ್ಮನನ್ನೂ ಅತ್ತೆ ಚಿಕ್ಕಮ್ಮಂದಿರನ್ನೂ ಒಮ್ಮೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಲಿ. ನಾವು ಕಲಿತ ವಿದ್ಯೆಗೆ ಅಷ್ಟು ಧೈರ್ಯವಾದರೂ ಇರಬೇಡವೆ?